ತೂಗದ ಹನ್ನೊಂದು ದಿನ

ಅಧ್ಯಕ್ಷ ಸ್ಥಾನದಲ್ಲಿರುವ ಪ್ರಿನ್ಸಿಪಾಲ್ ಮುರಳೀಕೃಷ್ಣ ಅವರೇ, ಕಸದ ಅಧ್ಯಯನದ ಮುಖ್ಯಸ್ಥರಾದ ವಿಜಯಕುಮಾರ್ ಸಾರ್ ಅವರೇ, ಈ ಪುಸ್ತಕದ ಸಂಪಾದಕರಾದ ಭ್ರಮರಾಂಬ ಮೇಡಂ ಅವರೇ, ದೂರದ ಊರುಗಳಿಂದ ಬಂದಿರುವ ಅತಿಥಿಗಳೇ, ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತಿರುವ ವಿದ್ಯಾರ್ಥಿಗಳೇ, ಮೊದಲ ಸಾಲಿನಲ್ಲಿ ಕೂತಿರುವ ನನ್ನ ಹೆಂಡತಿ ಲಕ್ಷ್ಮೀದೇವಿಯೇ, ಮತ್ತು ಎಲ್ಲ ಸಭಿಕರೇ,

ಈಗಷ್ಟೇ ನನ್ನನ್ನು 'ದಿವಂಗತ ಕುಮಾರಿ ತನುಜಾ ಅವರ ತಂದೆ' ಎಂದು ಕರೆದು ಶಾಲು ಹೊದಿಸಿದಿರಿ. ಹೌದು, ನಾನು ಅವಳ ತಂದೆ. ನನ್ನ ಹೆಸರು ದಾಸಣ್ಣ. ಕೊಡಿಕೊಂಡ ಚೆಕ್‌ಪೋಸ್ಟಿನ ಪಕ್ಕದಲ್ಲಿ ಲಾರಿ ತೂಗುವ ಕಾಟಾ ಇದೆಯಲ್ಲ, ಅಲ್ಲಿ ಇಪ್ಪತ್ತಾರು ವರ್ಷದಿಂದ ತೂಕ ಬರೆಯುತ್ತಿದ್ದೇನೆ. ಹತ್ತನೇ ತರಗತಿಯವರೆಗೆ ಓದಿದ್ದೇನೆ. ವೇದಿಕೆ ಹತ್ತಿದ್ದು ಇದೇ ಮೊದಲು.

ಮೈಕು ಕೊಡುವಾಗ ಯಾರೋ ನನ್ನ ಕಿವಿಯಲ್ಲಿ, ತೆಲುಗಿನಲ್ಲೇ ಮಾತಾಡಿ ಎಂದರು. ನನಗೆ ತೆಲುಗು ಚೆನ್ನಾಗಿ ಬರುತ್ತದೆ. ಲಾರಿಯವರ ಜೊತೆ ಜಗಳವಾಡುವುದೆಲ್ಲ ತೆಲುಗಿನಲ್ಲೇ. ಅದಕ್ಕೇ ಇವತ್ತು ಬೇಡ ಅನ್ನಿಸಿತು. ನನ್ನ ಮಗಳು ತೂಕದ ಪುಸ್ತಕ ಬರೆದದ್ದು ಕನ್ನಡದಲ್ಲಿ. ನಾನೂ ಕನ್ನಡದಲ್ಲೇ ಹೇಳುತ್ತೇನೆ. ಹಿಂದೂಪುರದಲ್ಲಿ ಕನ್ನಡ ಅರ್ಥವಾಗದವರು ಯಾರಿದ್ದಾರೆ?

ಎರಡು ಮಾತು ಹೇಳಿ ಎಂದಿದ್ದೀರಿ. ಎರಡೇ ಮಾತು. ಆದರೆ ಸ್ವಲ್ಪ ಉದ್ದವಾಗುತ್ತವೆ.

ಮೊದಲು ಕಾಲೇಜಿನ ಈ ಸಂಶೋಧನಾ ಲೇಖನಗಳ ಪುಸ್ತಕದ ಬಗ್ಗೆ ಒಳ್ಳೆಯ ಮಾತು ಹೇಳುತ್ತೇನೆ. ಇವತ್ತು ನೀವು ಬಿಡುಗಡೆ ಮಾಡಿದ್ದು ಮಾದರಿ ಪ್ರತಿ. ಅಚ್ಚಾಗುವುದು ಬರುವ ಸೋಮವಾರ. ಹದಿನೈದು ದಿನದ ಹಿಂದೆ ಭ್ರಮರಾಂಬ ಮೇಡಂ ಇದನ್ನು ಹಿಡಿದುಕೊಂಡು ಕಾಟಾ ರೂಮಿಗೆ ಬಂದರು. ಜೊತೆಗೆ ಒಂದು ಒಪ್ಪಿಗೆ ಪತ್ರ. ಬದುಕಿಲ್ಲದವರ ಹೆಸರನ್ನು ಲೇಖಕರ ಸಾಲಿನಲ್ಲಿ ಹಾಕಬೇಕಾದರೆ ತಂದೆಯ ಸಹಿ ಬೇಕಂತೆ. "ತನುಜಾ ಹೆಸರು ಬರುತ್ತೆ ಅಣ್ಣಾ, ವಿಜಯಕುಮಾರ್ ಸಾರ್ ಆದ್ಮೇಲೆ ಎರಡನೇ ಹೆಸರು" ಎಂದರು. ಜೇಬಿನಿಂದ ಪೆನ್ನು ತೆಗೆದೆ. ಆದರೂ, "ಹಾಕ್ತೀನಿ ಮೇಡಂ. ಒಳಗೆ ಏನೈತೆ ಅಂತ ಹೇಳ್ಬುಡಿ. ತೂಕ ನೋಡ್ದೆ ಚೀಟಿಗೆ ಸಹಿ ಹಾಕೋ ಅಭ್ಯಾಸ ಇಲ್ಲ ನಂಗೆ" ಎಂದೆ. ಪಾಪ, ಎರಡು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಲಾರಿ ಬಂದಾಗೆಲ್ಲ ನಿಲ್ಲಿಸಿ, ಹೋದಮೇಲೆ ಮುಂದುವರಿಸಿ, ಇಡೀ ಪುಸ್ತಕದ ಸಾರ ಹೇಳಿದರು.

ಎಂಥ ಪುಸ್ತಕ! ಒಂದೇ ರಟ್ಟಿನೊಳಗೆ ಕಂಪ್ಯೂಟರು, ವೈದ್ಯ, ಕಸ, ನಕ್ಷತ್ರ. ಕಸವೂ ನಕ್ಷತ್ರವೂ ಪಕ್ಕಪಕ್ಕದಲ್ಲಿ ಕೂರುವುದು ಇಂಥ ಕಾಲೇಜಿನಲ್ಲಿ ಮಾತ್ರ.

ನಕ್ಷತ್ರದ ಲೇಖನ ಮೇಡಂ ಅವರದೇ. ಒಂದು ನಕ್ಷತ್ರದ ಬೆಳಕು ಏರುತ್ತದೆ, ಇಳಿಯುತ್ತದೆಯಂತೆ. ಅದನ್ನು ಈ ಕಾಲೇಜಿನ ಮಹಡಿಯಿಂದ ಎಪ್ಪತ್ತು ದಿನ ಅಳೆದಿದ್ದಾರೆ. ಅವರ ಪಟ್ಟಿಯಲ್ಲಿ ಹತ್ತೊಂಬತ್ತು ಕಡೆ ಅಂಕಿ ಇಲ್ಲ, ಬರೀ ಗೆರೆ. ಇದೇನು ಮೇಡಂ ಎಂದು ಕೇಳಿದೆ. "ಅವತ್ತು ಮೋಡ ಅಣ್ಣಾ. ನಕ್ಷತ್ರ ಅಲ್ಲೇ ಇತ್ತು, ನಾನು ನೋಡ್ಲಿಲ್ಲ. ನೋಡದ್ದನ್ನ ಏನಂತ ಬರೀಲಿ?" ಎಂದರು.

ವೈದ್ಯದ ಲೇಖನ ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳ ಸಕ್ಕರೆ ಕಾಯಿಲೆಯದು. ಮುನ್ನೂರು ಜನರನ್ನು ಪರೀಕ್ಷೆ ಮಾಡಿದ್ದಾರೆ. ನಲವತ್ತೆರಡು ಜನ ಎರಡನೇ ಸಲ ಬರಲಿಲ್ಲ. ಅವರು ಏನಾದರು ಎಂದೆ. ಗೊತ್ತಿಲ್ಲ ಎಂದರು. ಪುಸ್ತಕದಲ್ಲೂ ಗೊತ್ತಿಲ್ಲ ಎಂದೇ ಇದೆ.

ಕಂಪ್ಯೂಟರಿನ ಲೇಖನ ಇನ್ನೂ ಸೊಗಸು. ಪಟ್ಟಿಯಲ್ಲಿ ಖಾಲಿ ಬಿದ್ದ ಜಾಗಕ್ಕೆ ಕಂಪ್ಯೂಟರು ಅಕ್ಕಪಕ್ಕದ ಅಂಕಿಗಳನ್ನು ನೋಡಿ ಒಂದು ಅಂಕಿ ಊಹಿಸುತ್ತದಂತೆ. ತಪ್ಪೇನಿಲ್ಲ. ಆದರೆ ಊಹಿಸಿದ ಅಂಕಿಯ ಪಕ್ಕದಲ್ಲಿ ಗುರುತು ಹಾಕಲೇಬೇಕು, ಇಲ್ಲದಿದ್ದರೆ ಓದುವವರಿಗೆ ಮೋಸವಾಗುತ್ತದೆ ಎಂದು ಮೂವತ್ತೊಂದನೇ ಪುಟದಲ್ಲಿ ನಿಮ್ಮವರೇ ಬರೆದಿದ್ದಾರೆ. ಯಾರು ಬರೆದರೋ ಅವರಿಗೆ ನನ್ನ ನಮಸ್ಕಾರ.

ಆಮೇಲೆ ಕಸದ ಲೇಖನ ಬಂತು. ಕಲ್ಯಾಣದುರ್ಗದ ಬಸ್ ನಿಲ್ದಾಣ ಮತ್ತು ಸಂತೆ ಬೀದಿಯ ಕಸವನ್ನು, ಶೇಂಗಾ ಸಿಪ್ಪೆ, ಪ್ಲಾಸ್ಟಿಕ್, ಕೊಳೆಯುವುದು ಎಂದು ಬೇರೆ ಮಾಡಿ ನೂರಿಪ್ಪತ್ತು ದಿನ ತೂಗಿದ್ದು. ಪಟ್ಟಿಯ ತಲೆಬರಹ ಓದುತ್ತೇನೆ: 'ಪ್ರತಿದಿನ ಕೈಯಾರೆ ತೂಗಿದ ಕಸ. ತೂಗಿದವರು ತನುಜಾ ಡಿ.' ಕೊನೆಯ ಸಾಲು, ಹೋದ ವರ್ಷ ಅಕ್ಟೋಬರ್ ಹತ್ತೊಂಬತ್ತು. ನಲವತ್ತೊಂದು ಕೆಜಿ ಆರುನೂರು ಗ್ರಾಂ.

ಸಭಿಕರೇ, ಅಕ್ಟೋಬರ್ ಹತ್ತೊಂಬತ್ತು ನನ್ನ ಮಗಳು ಸತ್ತ ದಿನ.

ಒಂಬತ್ತನೇ ತಾರೀಖು ಡೆಂಗಿ ಜ್ವರವೆಂದು ಆಸ್ಪತ್ರೆಗೆ ಸೇರಿದಳು. ಮತ್ತೆ ಹೊರಗೆ ಬರಲಿಲ್ಲ. ಒಟ್ಟು ಹನ್ನೊಂದು ದಿನ. ಆ ಹನ್ನೊಂದು ದಿನವೂ ಈ ಪಟ್ಟಿಯಲ್ಲಿ ತೂಕವಿದೆ. ಅವಳ ಸ್ವಂತ ಪುಸ್ತಕ ನನ್ನ ಹತ್ತಿರ ಇದೆ, ಇಗೋ ಇಲ್ಲಿದೆ. ಒಂಬತ್ತರಿಂದ ಹದಿನೈದರವರೆಗೆ ಏಳು ದಿನ, ಆಸ್ಪತ್ರೆಯ ಮಂಚದ ಮೇಲಿಂದಲೇ, ಒಂದೊಂದು ತಾರೀಖಿನ ಮುಂದೆಯೂ 'ತೂಗಿಲ್ಲ' ಎಂದು ಬರೆದಿದ್ದಾಳೆ. ದಿನದಿನಕ್ಕೂ ಅಕ್ಷರ ಸೊಟ್ಟಗಾಗಿದೆ. ಹದಿನಾರರಿಂದ ನಾಲ್ಕು ದಿನ ಅದೂ ಇಲ್ಲ.

ವಿಜಯಕುಮಾರ್ ಸಾರ್, ಸ್ವಲ್ಪ ಈ ಕಡೆ ನೋಡಿ. ಫೋನು ಆಮೇಲೂ ನೋಡಬಹುದು.

ಮೇಡಂ ಪುಸ್ತಕ ತಂದ ದಿನವೇ ನಾನು ನಿಮಗೆ ಫೋನು ಮಾಡಿದೆ. ನೀವು ಮರ್ಯಾದೆಯಾಗಿಯೇ ಮಾತಾಡಿದಿರಿ. "ಪರವಾಲೇದು ದಾಸಣ್ಣಗಾರೂ, ಪರವಾಗಿಲ್ಲ, ಅದೊಂದು ವಿಧಾನ. ಸಾಫ್ಟ್‌ವೇರೇ ತುಂಬುತ್ತೆ. ಪ್ರಪಂಚದಲ್ಲೆಲ್ಲಾ ಮಾಡ್ತಾರೆ" ಎಂದಿರಿ. "ಹಂಗಾದ್ರೆ ತುಂಬಿದ್ದು ಅಂತ ಬರೀರಿ ಸಾರ್" ಎಂದೆ. "ಬರೆದ್ರೆ ದಿನ ಕಮ್ಮಿ ಬೀಳ್ತವೆ. ನೂರಿಪ್ಪತ್ತು ಇಲ್ಲಾಂದ್ರೆ ಮುಂದಿನ ಪ್ರಾಜೆಕ್ಟ್ ಬರಲ್ಲ. ನಿಮ್ಮ ಹುಡುಗಿ ಹೆಸರು ಬರೋದು ನಿಮಗೆ ಬೇಡವಾ?" ಎಂದಿರಿ.

ಆ ಕೊನೆಯ ಮಾತು ಕೇಳಬಾರದಿತ್ತು ಸಾರ್ ನೀವು.

ಅವಳ ಬದಲು ಬೇರೆ ಯಾರಾದರೂ ತೂಗಿರಬಹುದೇ ಎಂದು ನಾನೇ ಕಲ್ಯಾಣದುರ್ಗಕ್ಕೆ ಹೋದೆ. ಈ ಅಧ್ಯಯನ ನಡೆಯುವಾಗ ಅಲ್ಲಿ ನನ್ನ ತಂಗಿ ಸಣ್ಣಕ್ಕನ ಮನೆಯಲ್ಲೇ ಮಗಳು ಇದ್ದದ್ದು. ತಕ್ಕಡಿ ಎಲ್ಲಿ ಎಂದೆ. "ಎಲ್ಲಿಗೋಗ್ತದೆ ಕಣಣ್ಣ? ಆಸ್ಪತ್ರೆಗೆ ಹೋಗೋ ದಿನ ಅವ್ಳೇ ಒರೆಸಿ, ಗೋಣಿ ಮುಚ್ಚಿ, ಅಟ್ಟದ ಮ್ಯಾಲಿಟ್ಟವ್ಳೆ. ಯಾರೂ ಕೇಳ್ಕಂಡು ಬರ್ನಿಲ್ಲ. ನಾನೂ ಮುಟ್ಟಿಲ್ಲ" ಎಂದಳು. ಇದ್ದದ್ದೇ ಒಂದು ತಕ್ಕಡಿ. ಅದು ಅಟ್ಟದ ಮೇಲೆ. ಹಾಗಿದ್ದರೆ ನಲವತ್ತೊಂದು ಕೆಜಿ ಆರುನೂರು ಗ್ರಾಂ ತೂಗಿದವರು ಯಾರು?

ತೂಗುವುದನ್ನು ಅವಳಿಗೆ ಕಲಿಸಿದವನು ನಾನು. ರಜೆಯಲ್ಲಿ ಕಾಟಾ ರೂಮಿಗೆ ಬಂದು ಕೂರುತ್ತಿದ್ದಳು. ಲಾರಿಯನ್ನು ಎರಡು ಸಲ ತೂಗಬೇಕು, ಖಾಲಿ ಇದ್ದಾಗ ಒಂದು, ಲೋಡಾದಮೇಲೆ ಒಂದು. ಎರ್ರಪ್ಪ ಅಂತ ಒಬ್ಬ ಡ್ರೈವರು, ಹೊಟ್ಟೆ ಸ್ಟೇರಿಂಗಿಗೆ ತಾಗುವಂಥ ಆಳು. ಅವನಿಗೆ ಯಾವಾಗಲೂ ಅವಸರ. "ದಾಸಣ್ಣಾ, ಖಾಲಿ ತೂಕ ಹೋದ ವಾರದ್ದೇ ಬರ್ಕೋ. ಗಾಡಿ ಏನು ಒಂದು ವಾರಕ್ಕೆ ದಪ್ಪ ಆಗ್ಬುಡ್ತದಾ?" ಎನ್ನುತ್ತಿದ್ದ. ಆಗ ಇವಳಿಗೆ ಹತ್ತು ವರ್ಷ. ಕಿಟಕಿಯಿಂದ ತಲೆ ಹಾಕಿ, "ಗಾಡಿ ಆಗಲ್ಲ ಮಾವ, ನೀನು ಆಗಿದ್ದೀಯಲ್ಲ!" ಎಂದಳು. ಅವನು ನಕ್ಕು ನಕ್ಕು ಗಾಡಿ ಹಿಂದಕ್ಕೆ ತೆಗೆದು ಕಾಟಾ ಹತ್ತಿಸಿದ. ಅವಳಿಗೆ ಆಗಲೇ ಗೊತ್ತಿತ್ತು. ಹೋದ ವಾರದ ತೂಕ ಇವತ್ತಿನ ತೂಕವಾಗುವುದಿಲ್ಲ.

ಅವಳ ಈ ತೂಕದ ಪುಸ್ತಕದಿಂದ ಜುಲೈ ತಿಂಗಳ ಒಂದು ಪುಟ ಓದುತ್ತೇನೆ. 'ಕಸ ಒದ್ದೆಯಾಗಿದೆ. ತೂಕ ನಂಬಬಾರದು.' ತಾನೇ ತೂಗಿದ್ದನ್ನು ತಾನೇ ನಂಬಬೇಡಿ ಎಂದು ಬರೆದ ಹುಡುಗಿಯ ಹೆಸರಿನ ಕೆಳಗೆ ನೀವು ಹನ್ನೊಂದು ದಿನದ ಊಹೆಯನ್ನು ಜೋಡಿಸಿದ್ದೀರಿ.

ತುಂಬುವುದು ಎಷ್ಟು ಸುಲಭ ಎಂದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ನಾನು ದಿನಚರಿ ಬರೆಯುವವನು. ಮದುವೆಯಾದ ವರ್ಷದಿಂದ ಬರೆಯುತ್ತಿದ್ದೇನೆ. ಮಳೆ ಬಂತು, ನೆಂಟರು ಬಂದರು, ಮಗಳಿಗೆ ಹಲ್ಲು ಬಂತು, ಅಷ್ಟೇ. ಅಕ್ಟೋಬರ್ ಹತ್ತೊಂಬತ್ತರ ಪುಟದಲ್ಲಿ, 'ಬೆಳಿಗ್ಗೆಯಿಂದ ಮಗಳ ಪಕ್ಕದಲ್ಲಿದ್ದೆ, ಕೈ ಹಿಡಿದುಕೊಂಡಿದ್ದೆ' ಎಂದಿದೆ.

ನಾನು ಅಲ್ಲಿರಲಿಲ್ಲ.

ಹದಿನೇಳನೇ ತಾರೀಖು ಪ್ಲೇಟ್‌ಲೆಟ್ ಏರುತ್ತಿದೆ ಎಂದರು. ಕೆಲಸಕ್ಕೆ ಹೋಗಿ ಎರಡು ದಿನ ಬಿಟ್ಟು ಬರೋಣ ಎಂದುಕೊಂಡೆ. "ನಾಳಿದ್ದು ಬತ್ತೀನಿ ಕಣವ್ವ" ಎಂದೆ. "ಹೂಂ, ಹೋಗ್ಬಾ" ಎಂದಳು. ಹತ್ತೊಂಬತ್ತರ ಬೆಳಿಗ್ಗೆ ಹತ್ತು ನಲವತ್ತಕ್ಕೆ ಅವಳು ಹೋದಾಗ ನಾನು ಕೊಡಿಕೊಂಡದಲ್ಲಿ ಒಂದು ಸಿಮೆಂಟ್ ಲಾರಿ ತೂಗುತ್ತಿದ್ದೆ. ಆ ಚೀಟಿಯ ಮೇಲೆ ಅದೇ ಸಮಯ, ಕೆಳಗೆ ನನ್ನದೇ ಸಹಿ. ಕೈ ಹಿಡಿದುಕೊಂಡಿದ್ದವಳು ಲಕ್ಷ್ಮೀದೇವಿ. ನಾನು ಹನ್ನೊಂದನೇ ದಿನದ ಕಾರ್ಯ ಮುಗಿದಮೇಲೆ ಕೂತು ಆ ಪುಟ ತುಂಬಿದೆ. ನನ್ನ ದಿನಚರಿಯನ್ನು ಯಾರೂ ಓದುವುದಿಲ್ಲ. ಮತ್ತೆ ಯಾರಿಗಾಗಿ ಬರೆದೆ? ಇದನ್ನು ಇಲ್ಲಿ ಹೇಳಬೇಕೆಂದು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು.

ನಿಮ್ಮ ಪಟ್ಟಿ ನೋಡಿದ ದಿನ ಮನೆಗೆ ಹೋಗಿ ಆ ಸಾಲನ್ನು ಹೊಡೆದುಹಾಕಿದೆ. ಆದ್ದರಿಂದ ಸಾರ್, ನಾನು ದೊಡ್ಡವನಂತೆ ನಿಂತು ನಿಮಗೆ ಹೇಳುತ್ತಿಲ್ಲ. ನಿಮ್ಮ ಹಾಗೆಯೇ ತುಂಬಿದವನು, ತೆಗೆದಮೇಲೆ ಹೇಳುತ್ತಿದ್ದೇನೆ. ತೆಗೆಯಬಹುದು. ಕೈ ಮುರಿಯುವುದಿಲ್ಲ.

ಇನ್ನು ಹೆಸರಿನ ವಿಷಯ. ಲಕ್ಷ್ಮೀದೇವಿಗೆ ಓದಲು ಬರುವುದಿಲ್ಲ. ಆದರೆ ಮಗಳ ಹೆಸರನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತಾಳೆ. ಪುಸ್ತಕ ಬರುತ್ತದೆಂದು ದೇವರ ಗೂಡಿನ ಪಕ್ಕದಲ್ಲಿ ಜಾಗ ಮಾಡಿಟ್ಟಿದ್ದಾಳೆ. ಅವಳಿಗೆ ಇದನ್ನೆಲ್ಲ ಹೇಳುವ ಧೈರ್ಯ ನನಗೆ ಬಂದದ್ದು ಇವತ್ತು ಬೆಳಿಗ್ಗೆ, ಬಸ್ಸು ಚಿಲಮತ್ತೂರು ದಾಟಿದಮೇಲೆ.

"ಹತ್ತೊಂಬತ್ತನೇ ತಾರೀಖೂ ತೂಗಿದ್ಲು ಅಂತ ಬರ್ದವ್ರಾ?" ಎಂದಳು.

"ಹೂಂ ಕಣೆ. ನಲವತ್ತೊಂದು ಕೆಜಿ."

"ಅವತ್ತು ಅವ್ಳ ಕೈಲಿ ನೀರಿನ ಲೋಟ ಎತ್ತಕ್ಕಾಗ್ಲಿಲ್ಲ. ನಾನೇ ಕುಡಿಸಿದ್ದು."

ಆಮೇಲೆ ಹಿಂದೂಪುರ ಬರುವವರೆಗೆ ಕಿಟಕಿಯ ಕಡೆ ತಿರುಗಿ ಕೂತಳು. ಬಸ್ ನಿಲ್ದಾಣದಲ್ಲಿ ಇಳಿದು ಸೆರಗು ಸರಿಮಾಡಿಕೊಂಡು, "ಅಂಥ ಪುಸ್ತಕ ನಮ್ಮ ಮನೇಗೆ ಬ್ಯಾಡ. ನೀನೇನಾರ ಅಲ್ಲಿ ಶಾಲು ಹೊದ್ಕಂಡು ಹಲ್ಲು ಕಿರ್ಕಂಡು ನಿಂತ್ಯೋ, ನಾನೇ ಮ್ಯಾಕೆ ಹತ್ತಿ ಬಂದ್ಬುಡ್ತೀನಿ ನೋಡು" ಎಂದಳು. ಅವಳು ವೇದಿಕೆ ಹತ್ತುವುದಕ್ಕಿಂತ ನಾನು ಮಾತಾಡುವುದೇ ನಿಮಗೆ ಕ್ಷೇಮ.

ಪ್ರಿನ್ಸಿಪಾಲರೇ, ನಾನು ಕೇಳುವುದು ಇಷ್ಟೇ. ಆ ಹನ್ನೊಂದು ಜಾಗವನ್ನು ಖಾಲಿ ಬಿಡಿ. ತೂಗಿದ್ದು ನೂರ ಒಂಬತ್ತು ದಿನ ಎಂದು ಬರೆಯಿರಿ. ಅದು ಸಣ್ಣ ಸಂಖ್ಯೆಯೇ? ಕಲ್ಯಾಣದುರ್ಗದ ಬಿಸಿಲಿನಲ್ಲಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು, ನೂರ ಒಂಬತ್ತು ದಿನ ಊರಿನ ಕೊಳೆಯನ್ನು ಕೈಯಿಂದ ಬೇರೆ ಮಾಡಿ ತೂಗಿದ್ದು ಸಣ್ಣ ಕೆಲಸವೇ? ಹಾಗೆ ಬರೆದರೆ ನಾನು ಎರಡೂ ಕೈಯಿಂದ ಸಹಿ ಹಾಕುತ್ತೇನೆ. ಇಲ್ಲ, ನೂರಿಪ್ಪತ್ತೇ ಬೇಕು ಎನ್ನುವಿರಾದರೆ, ಅವಳ ಹೆಸರು ತೆಗೆಯಿರಿ. ಲೇಖಕರ ಸಾಲಿನಿಂದಲೂ ತೆಗೆಯಿರಿ, ಪಟ್ಟಿಯ ತಲೆಯಿಂದಲೂ ತೆಗೆಯಿರಿ. ಆ ಹನ್ನೊಂದು ದಿನ ಯಾರು ತೂಗಿದರೋ ಅವರ ಹೆಸರು ಹಾಕಿಕೊಳ್ಳಿ.

ಕೇಳದೆ ಅಚ್ಚು ಹಾಕಿಸಿದರೆ ಏನು ಮಾಡುತ್ತೀಯ ಎಂದು ಯಾರಾದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಿರಬಹುದು. ನಾನು ಗಲಾಟೆ ಮಾಡುವವನಲ್ಲ. ಅವಳ ಈ ತೂಕದ ಪುಸ್ತಕ, ಆಸ್ಪತ್ರೆಯ ಚೀಟಿ, ಎರಡನ್ನೂ ಹಿಡಿದುಕೊಂಡು ನಿಮ್ಮ ಗೇಟಿನಲ್ಲಿ ನಿಲ್ಲುತ್ತೇನೆ. ಇಪ್ಪತ್ತಾರು ವರ್ಷ ಬಿಸಿಲಿನಲ್ಲಿ ನಿಂತು ಅಭ್ಯಾಸವಿದೆ. ಒಳಗೆ ಹೋಗುವವರಿಗೆಲ್ಲ ತೋರಿಸುತ್ತೇನೆ. ಓದಲು ಬಾರದವರಿಗೆ ಓದಿ ಹೇಳುತ್ತೇನೆ.

ಗೋಡೆಗೆ ಒರಗಿ ನಿಂತಿರುವ ಮಕ್ಕಳೇ, ನಿಮ್ಮಲ್ಲಿ ಕೆಲವರು ನಾಳೆ ತೂಗಲು, ಎಣಿಸಲು, ನೋಡಲು ಹೋಗುತ್ತೀರಿ. ಹೋಗದ ದಿನ ಹೋಗಲಿಲ್ಲ ಎಂದು ಬರೆಯಿರಿ. ಜ್ವರ ಬಂದರೆ ಮೊದಲು ಆಸ್ಪತ್ರೆಗೆ ಹೋಗಿ. ಯಾವ ಪಟ್ಟಿಯೂ ನಿಮಗಿಂತ ದೊಡ್ಡದಲ್ಲ.

ನನ್ನನ್ನು ಕರೆದು ಕೂರಿಸಿದ್ದಕ್ಕೆ, ಗೆರೆ ಎಳೆದ ಜಾಗವನ್ನು ಗೆರೆಯಾಗಿಯೇ ಉಳಿಸಿದ ಭ್ರಮರಾಂಬ ಮೇಡಂಗೆ, ಮಧ್ಯದಲ್ಲಿ ಮೈಕು ನಿಲ್ಲಿಸದ ಮೈಕಿನವರಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲರಿಗೂ ವಂದನೆಗಳು. ಶಾಲನ್ನು ಮಡಿಸಿ ಮೇಜಿನ ಮೇಲೆ ಇಡುತ್ತಿದ್ದೇನೆ. ಅದರ ಮೇಲೆ ಒಪ್ಪಿಗೆ ಪತ್ರವಿದೆ, ಸಹಿ ಹಾಕಿಲ್ಲ. ಪೆನ್ನು ನನ್ನ ಜೇಬಿನಲ್ಲೇ ಇದೆ. ಸೋಮವಾರದೊಳಗೆ ಯಾವಾಗ ಬೇಕಾದರೂ ಬನ್ನಿ, ಕಾಟಾ ರೂಮಿನ ಬಾಗಿಲು ತೆಗೆದೇ ಇರುತ್ತದೆ.

ನಮಸ್ಕಾರ.