ಬಾಣಸದ ಸೂರಮ್ಮ

ಕಾಗದದಾಗೆ ಆ ಸಾಲಲ್ಲ ದಾಸಣ್ಣ ಮೇಷ್ಟ್ರೇ, ಅದರ ಕೆಳಗಿಂದು... ಹೂಂ, ಅದೇ. ಸೂರಮ್ಮ ಅಂತ ಹೆಸರೈತಂತಲ್ಲ, ಅದರ ಹಿಂದಿನ ಪದ. ಅದೊಂದು ಓದಿ ಹೇಳ್ರಿ ಸಾಕು, ಎದ್ದು ಹೋಗ್ತೀನಿ. ನೀವು ರಾಯದುರ್ಗದಾಗೆ ತೆಲುಗು ಓದಿದೋರು. ನನಗೆ ಆ ಅಕ್ಷರ ಬರಲ್ಲ. ಕನ್ನಡದಂಗೇ ಕಾಣ್ತಾವೆ, ಓದಾಕೆ ಹೋದರೆ ಬಾಯಿಗೆ ಬರಲ್ಲ.

ಯಾಕ್ರೀ ಹಂಗೆ ನೋಡ್ತೀರಿ? ಈ ಗೀತಮ್ಮ ನಮ್ಮ ಹೊಸ್ತಿಲು ತುಳಿದಳಲ್ಲ ಅಂತಲಾ? ತುಳಿದೆ. ಮೊಳಕಾಲ್ಮುರು ಬಸ್ ಹತ್ತೋವಾಗಲೂ ಇಳಿದುಬಿಡ್ಲಾ ಅನ್ನಿಸ್ತು, ಆದರೂ ಬಂದೆ. ಹೋದ ತಿಂಗಳು ನೀವು ಚಳ್ಳಕೆರೆಗೆ ಬಂದು, ನಿಮ್ಮ ಓಬಳೇಶನಿಗೆ ನಮ್ಮ ಶಿಲ್ಪಾನ್ನ ಕೇಳಿದಾಗ ನಾನು ಏನಂದೆ ಅಂತ ನಿಮಗೇ ಗೊತ್ತೈತೆ, ಮತ್ತೆ ಯಾಕೆ ನನ್ನ ಬಾಯಾಗೆ ಅನ್ನಿಸ್ತೀರಿ... ಆಯ್ತು. ಜೀತ ಮಾಡಿದೋರ ಮನೆಗೆ ಹೆಣ್ಣು ಕೊಡಲ್ಲ ಅಂದೆ. ನಿಮ್ಮ ತಾತ ಗೌಡರ ಮನೆಯಾಗೆ ಜೀತಕ್ಕಿದ್ದಿದ್ದು ಊರಿಗೇ ಗೊತ್ತು, ನಾವು ಅರಮನೆ ಬಾಣಸದೋರು ಅಂದೆ. ಹೊರಗೆ ಕರ್ಕೊಂಡು ಬಂದು ಬೋರ್ಡು ಬೇರೆ ತೋರಿಸಿದೆ.

ಅದೇನು ಸುಳ್ಳು ಬೋರ್ಡಲ್ಲ ಮೇಷ್ಟ್ರೇ. 'ಬಾಣಸದವರ ಖಾನಾವಳಿ'. ಬಾಣಸ ಅಂದ್ರೆ ಅಡುಗೆ. ನಮ್ಮವ್ವನ ಮುತ್ತಜ್ಜಿಗೂ ಹಿಂದಿನೋಳು ಸೂರಮ್ಮ, ಪಾಳೇಗಾರರ ಅಡುಗೆಮನೆ ನೋಡ್ಕೊಂಡೋಳು ಅಂತ ನಮ್ಮಲ್ಲಿ ಹೇಳ್ಕೊಂಡು ಬಂದಾರೆ. ಶೇಂಗಾ ತರೋ ರೈತರು, ಮಿಲ್ಲಿನ ಹಮಾಲರು, ಎಲ್ಲಾ ಅರಮನೆ ಕೈರುಚಿ ಅಂತಾನೇ ಊಟಕ್ಕೆ ಬರ್ತಾರೆ. ಗಂಡ ಹೋದ ಮೇಲೆ ನಾನು ತಲೆ ಎತ್ತಿ ಬದುಕಿದ್ದೇ ಆ ಹೆಸರಿನ ಮೇಲೆ.

ನನ್ನ ಮಗಳಿಗೆ ಛಲ ನೋಡ್ರಿ. ಯಾವ ಅರಮನೆ ಅವ್ವ, ತೋರಿಸು ಅಂದಳು. ಬಳ್ಳಾರಿಗೆ ಹೋಗಿ, ಕಂಡೋರ ಕೈಕಾಲು ಹಿಡಿದು, ಕಂಪನಿ ಸರ್ಕಾರದ ಕಾಲದ ಈ ಕಾಗದ ತೆಗೆಸಿದಳು. ಬರಗಾಲದಾಗೆ ಯಾರದೋ ಮನೆಗೆ ಜೋಳಕ್ಕೆ ಕೊಟ್ಟ ಹುಡುಗಿಯಂತೆ ಸೂರಮ್ಮ. ಕೊಟ್ಟೋನು ಅಪ್ಪನೋ ಮಾವನೋ, ಅದು ಬರೆದಿಲ್ಲ. ಹಂಗೆ ಕೊಂಡೋರನ್ನ ಹಿಡಿದಿಟ್ಕೊಳ್ಳಂಗಿಲ್ಲ ಅಂತ ಕಾನೂನು ಬಂದೈತೆ ಅಂತ ಯಾರೋ ಹೇಳಿದ್ದು ಕಿವಿಗೆ ಬಿದ್ದು, ಕಂಕುಳಾಗೆ ಮಗು ಇಟ್ಕೊಂಡು ಕಚೇರಿ ಮುಂದೆ ಹೋಗಿ ನಿಂತಳಂತೆ. 'ಇನ್ನ ಆ ಮನೆಗೆ ಹೋಗಲ್ಲ' ಅಂದಳಂತೆ. ಅಷ್ಟೇ ಆಕೆ ಮಾತು ಉಳಿದಿರೋದು. ಆಮೇಲೆ ಈ ಕಡೆ ಮೈಸೂರು ಸೀಮೆಯ ಕಾಗದದಾಗೆ ಒಂದು ಸಲ ಸಿಗ್ತಾಳೆ. 'ಸಂತೆಯಲ್ಲಿ ಅನ್ನ ಬೇಯಿಸಿ ಮಾರುವ ಸೂರಮ್ಮ' ಅಂತ. ಮುಂದಕ್ಕೆ ಹೆಸರೇ ಇಲ್ಲ.

ಅನ್ನ ಬೇಯಿಸ್ತಿದ್ದಳು ತಾನೆ? ಅಡುಗೆಯೋಳೇ ಅಂದಂಗಾಯ್ತಲ್ಲ? ಕಚೇರಿ ಗುಮಾಸ್ತ ತೆಲುಗಿನೋನು ಮೇಷ್ಟ್ರೇ. ಆಕೆ 'ಬಾಣಸ' ಅಂದಿರ್ತಾಳೆ, ಅವನು 'ಬಾನಿಸ' ಅಂತ ಗೀಚಿರ್ತಾನೆ. ಣ ಹೋಗಿ ನ ಆಗೈತೆ, ಅದಕ್ಕೊಂದು ಗುಡಿಸು ಬಿದ್ದೈತೆ ಅಷ್ಟೇ...

ಯಾಕೆ ನಗ್ತೀರಿ? ಅಕ್ಷರ ಬರದೋಳಿಗೆ ಗುಡಿಸು ಹೆಂಗೆ ಕಾಣ್ತು ಅಂತಲಾ? ಶಿಲ್ಪಾ ಬಳ್ಳಾರಿಯಾಗೆ ಓದಿಸ್ಕೊಂಡು ಬಂದು ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡಳು ಅನ್ಕೋಬ್ಯಾಡ್ರಿ.

ನನ್ನ ಮಾತು ಆಕೆ ಕೇಳಲ್ಲ. ಬೋರ್ಡು ಇಳಿಸೋ ತನಕ ಮನೆಗೆ ಕಾಲಿಡಲ್ಲ ಅಂತ ಚಿತ್ರದುರ್ಗದ ಹಾಸ್ಟೆಲಿಗೆ ಹೋಗಿ ಕುಂತಾಳೆ. ಫೋನ್ ಎತ್ತಲ್ಲ. ನನಗೆ ಇರೋಳು ಅವಳೊಬ್ಬಳು ಮೇಷ್ಟ್ರೇ. ಒಲೆ ಮುಂದೆ ಕುಂತರೆ ಕೈ ಓಡ್ತಾ ಇಲ್ಲ, ಮೊನ್ನೆ ಸಾರಿಗೆ ಉಪ್ಪು ಹಾಕಿದ್ದೇ ಮರೆತು ಮತ್ತೆ ಹಾಕಿದೆ. ನೀವು ಹೇಳಿದರೆ ನಂಬ್ತಾಳೆ. 'ಇದು ಬರೆಯೋನ ತಪ್ಪಮ್ಮ, ಅಡುಗೆಯೋಳು ಅಂತಾನೇ ಅರ್ಥ' ಅಂತ ಒಂದು ಮಾತು ಹೇಳ್ರಿ. ಒಂದೇ ಒಂದು ಮಾತು. ಕೈ ಮುಗೀತೀನಿ.

ಹೇಳ್ರಿ.

ಬೈಯ್ರಿ ಬೇಕಾದರೆ. ಎದ್ದು ಹೋಗು ಅನ್ರಿ. ಹಿಂಗೆ ಕಾಗದ ಮಡಚಬ್ಯಾಡ್ರಿ...

ಗೊತ್ತು. ನೀವು ಯಾಕೆ ಆ ಮಾತು ಹೇಳಲ್ಲ ಅಂತ ಗೊತ್ತು. ನಿಮ್ಮ ಹಿತ್ತಲ ಆಚೆ ಓಣಿಯಾಗೇ ಹುಟ್ಟಿದೋಳು ನಾನು. ಈ ಬೀದಿಯಾಗೆ ಲಂಗ ಹಾಕ್ಕೊಂಡು ತೆಲುಗಿನಾಗೇ ಆಡಿದ್ದು, ತೆಲುಗಿನಾಗೇ ಬೈಸ್ಕೊಂಡಿದ್ದು. ನೀವೂ ನೋಡೀರಿ. ಅಪ್ಪನ ಮೇಲೆ ಸಿಟ್ಟು ಬಂದರೆ ನಮ್ಮವ್ವ ತಟ್ಟೆ ಕುಕ್ಕಿ ಕೇಳ್ತಿದ್ದಳು, 'ನೇನೇಮನ್ನಾ ನೀ ಬಾನಿಸನಾ?' ಅಂತ. ನಾನೇನು ನಿನ್ನ ತೊತ್ತಾ ಅಂತ. ಓಣಿ ತುದಿಗೆ ಕೇಳ್ತಿತ್ತು ಆಕೆ ದನಿ.

ನಿಮಗೆ ಬೋರ್ಡು ತೋರಿಸಿದಾಗಲೂ ಅದು ನನ್ನ ಕಿವಿಯಾಗೇ ಇತ್ತು.

ತೊತ್ತು... ನೋಡ್ರಿ, ನೀವು ಓದಲಿಲ್ಲ, ನಾನೇ ಓದಿದೆ.

ಕಾಗದ ವಾಪಸ್ ಕೊಡಬ್ಯಾಡ್ರಿ, ಇರಲಿ. ಬೋರ್ಡು ನಾಳೆನೇ ಇಳಿಸ್ತೀನಿ, ಅದು ಬಿಡ್ರಿ. ನಾನು ಕೇಳೋದು ಬೇರೆ ಐತೆ. ಮೇಷ್ಟ್ರೇ, ಸೂರಮ್ಮನ ಮನೆ ಹೆಣ್ಣನ್ನ ನಿಮ್ಮ ಓಬಳೇಶನಿಗೆ ತಗೊಳ್ತೀರೇನ್ರೀ?