ಮಡಿಲಕ್ಕಿ ಕಳಿಸಿದ ನಾವು

ಸೇರಿರುವ ಹಿರಿಯರಿಗೆ, ದೇವೇಂದ್ರಪ್ಪನವರ ಶ್ರೀಮತಿ ವಿಮಲಕ್ಕನಿಗೆ, ಅವರ ಮಗಳು ಚಿನ್ಮಯಿಗೆ ನಮಸ್ಕಾರ.

ಇವತ್ತು ಏಕಾದಶಿ. ನಲ್ಲಿಯಲ್ಲಿ ನೀರು ಬಿಟ್ಟಾಗ ಎದ್ದು ಬಕೆಟ್ ತುಂಬಿಸಿ, ಹೊಸ್ತಿಲು ಸಾರಿಸಿ, ತುಳಸಿಗೆ ದೀಪವಿಟ್ಟು ಪೀತಮ್‌ಪುರದಿಂದ ಬಂದಿದ್ದೇನೆ. ಉಪವಾಸ — ಆದರೆ ಕಾಫಿ ಕುಡಿದಿದ್ದೇನೆ. ನಮ್ಮ ವಕೀಲರು ದೇವೇಂದ್ರಪ್ಪನವರು ಇದ್ದಿದ್ದರೆ ಕೇಳುತ್ತಿದ್ದರು: “ಏನ್ ಶೈಲಜಮ್ಮ, ಕಾಫಿಗೆ ಯಾವ ಸೆಕ್ಷನ್ನಲ್ಲಿ ವಿನಾಯಿತಿ?” ಅವರ ಕಚೇರಿಯಲ್ಲಿ ಫೈಲು ಹೊಂದಿಸಿಡುವವಳು ನಾನು. ಪ್ರತಿ ಏಕಾದಶಿಗೂ ಇದೇ ಪ್ರಶ್ನೆ. ಇವತ್ತು ಕೇಳುವವರಿಲ್ಲ.

ಏಕಾದಶಿಯ ದಿನ ಅಕ್ಕಿ ಮುಟ್ಟುವುದಿಲ್ಲ. ಆದರೂ ನಾನು ಅಕ್ಕಿಯ ವಿಷಯವನ್ನೇ ಹೇಳಬೇಕಾಗಿದೆ. ಹಿರಿಯರು ದೇವೇಂದ್ರಪ್ಪನವರನ್ನು ಬಾಯಿತುಂಬ ಹೊಗಳಿದರು. ನನಗೆ ಹೊಗಳಲು ನಾಚಿಕೆಯಾಗುತ್ತದೆ.

ಅವರ ಕೊನೆಯ ಕೇಸು ತಯ್ಯಿಬಾ ಎಂಬ ಹೆಣ್ಣುಮಗಳದು. ೨೦೦೨ರಲ್ಲಿ ಕಾಗದಪತ್ರವಿಲ್ಲದೆ ಗಡಿ ದಾಟಿ ಬಂದಳು. ಅದಕ್ಕೆ ಆ ವರ್ಷವೇ ಮೂರು ತಿಂಗಳ ಶಿಕ್ಷೆಯಾಯಿತು. ಶಿಕ್ಷೆ ಮುಗಿದು ಐದು ವರ್ಷವಾಯಿತು — ಇನ್ನೂ ಒಳಗಿದ್ದಾಳೆ. ವಾಪಸು ಕಳಿಸೋಣವೆಂದರೆ ಬರ್ಮಾದವರು ನಮ್ಮವಳಲ್ಲ ಎಂದರು, ಬಾಂಗ್ಲಾದವರೂ ನಮ್ಮವಳಲ್ಲ ಎಂದರು. ಊರಂಚಿನಲ್ಲಿ ವಿದೇಶಿಯರನ್ನು ಕೂಡಿಹಾಕುವ ಕಟ್ಟಡದಲ್ಲಿ ಕೂತಿದ್ದಾಳೆ.

ದೇವೇಂದ್ರಪ್ಪನವರು ನನಗೆ ಬಿಡಿಸಿ ಹೇಳಿದ್ದರು. “ನೋಡಿ ಶೈಲಜಮ್ಮ, ಕಾನೂನು ಇವಳನ್ನ ಹಿಡಿದಿಡಿ ಅನ್ನೋದು ಕಳಿಸೋದಕ್ಕೋಸ್ಕರ. ಕಳಿಸೋಕೆ ದೇಶವೇ ಇಲ್ಲ ಅಂದ್ಮೇಲೆ ಯಾತಕ್ಕೆ ಹಿಡಿದಿಡೋದು? ಕೊಲೆ ಮಾಡಿದವನ ಶಿಕ್ಷೆಗೂ ಒಂದು ಲೆಕ್ಕ ಇರುತ್ತೆ. ಇವಳದಕ್ಕಿಲ್ಲ.” ಅವಳು ಪ್ರಜೆಯೇ ಅಲ್ಲವಲ್ಲ, ಅವಳಿಗೇನು ಹಕ್ಕು ಎಂದು ಸರ್ಕಾರದ ವಕೀಲರು ಕೇಳಿದಾಗ ಇವರು, ಜೀವ, ಸ್ವಾತಂತ್ರ್ಯದ ಮಾತು ಬರುವಲ್ಲಿ ಸಂವಿಧಾನ ‘ಪ್ರಜೆ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ ಎಂದರಂತೆ. ಜಡ್ಜ್ ಸಾಹೇಬರು ಯೋಚಿಸಿ, “ಬಿಟ್ಟರೆ ಎಲ್ಲಿರುತ್ತಾಳೆ? ಯಾರಾದರೂ ಮನೆಯವರು ಬಂದು ನಾವು ಇಟ್ಟುಕೊಳ್ಳುತ್ತೇವೆ ಎಂದರೆ ಬಿಡುವ ವಿಚಾರ ನೋಡೋಣ” ಎಂದರು.

ಗೌರಿಹಬ್ಬದ ಮಾರನೆಯ ದಿನ ಅವರು ಇದೇ ಜನಕಪುರಿಯ ನಮ್ಮ ಕನ್ನಡ ಸಂಘದ ಹಾಲಿಗೆ ಬಂದು ನಮ್ಮನ್ನು ಕೇಳಿದರು. ನೆನಪಿದೆಯಲ್ಲ? ನಾವೆಲ್ಲ ಕೋಸಂಬರಿ ತಟ್ಟೆ ಹಿಡಿದು — ಹೀಗೆ — ನೆಲ ನೋಡಿದೆವು. ಮನೆಯಲ್ಲಿ ಮಡಿ ಎಂದರು ಒಬ್ಬರು. ಮಕ್ಕಳಿಗೆ ಪರೀಕ್ಷೆ ಎಂದರು ಇನ್ನೊಬ್ಬರು. ಕೊನೆಗೆ ನಾನೇ ಬಾಯಿಬಿಟ್ಟೆ: “ಪಾಪ, ಹೆಣ್ಣುಮಗಳು. ಮಡಿಲಕ್ಕಿ ಕಳಿಸೋಣ.” ಎಲ್ಲರಿಗೂ ಹಗುರವಾಯಿತು. ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ಕಟ್ಟಿದೆವು.

ನಾನೇ ಅವರ ಜೊತೆ ಹೋಗಿ ಕೊಟ್ಟೆ. ತಯ್ಯಿಬಾ ಸೆರಗೊಡ್ಡಿದಳು. ಇದು ಏತಕ್ಕೆ ಕೊಡುವುದು ಎಂದು ಹಿಂದಿಯಲ್ಲಿ ಕೇಳಿದಳು. ನಾನು ಸಂಭ್ರಮದಿಂದ ಹೇಳಿದೆ — ಮಗಳನ್ನು ಮನೆಯಿಂದ ಕಳಿಸಿಕೊಡುವಾಗ ಕೊಡುತ್ತೇವೆ.

ಅವಳು ತಟ್ಟನೆ ಎದ್ದು ಚಪ್ಪಲಿ ಹುಡುಕಿದಳು.

ಬಿಡುಗಡೆಯಾಯಿತು ಎಂದುಕೊಂಡಿದ್ದಳು. ಹಾಗಲ್ಲವೆಂದು ಅವಳಿಗೆ ತಿಳಿಸಿದವರು ದೇವೇಂದ್ರಪ್ಪನವರು. ವಾಪಸು ಬರುವಾಗ ಆಟೋದಲ್ಲಿ ಅವರು ಒಂದೇ ಮಾತು ಆಡಿದರು: “ಕಳಿಸಿಕೊಡೋ ಶಾಸ್ತ್ರ ಮಾಡಿದ್ರಿ ಶೈಲಜಮ್ಮ. ಒಳಗೆ ಕರೆಯೋ ಶಾಸ್ತ್ರ ಯಾರು ಮಾಡ್ತಾರೆ?”

ಹದಿನೈದು ದಿನದಲ್ಲಿ ಅವರೇ ಹೋಗಿಬಿಟ್ಟರು.

ಸೋಮವಾರ ಆ ಕೇಸು ಮತ್ತೆ ಬರುತ್ತದೆ. ಅವರ ಜಾಗದಲ್ಲಿ ಅವರ ಜೂನಿಯರ್, ನಮ್ಮ ಲಾವಣ್ಯಾ ನಿಲ್ಲುತ್ತಾಳೆ. ಇಟ್ಟುಕೊಳ್ಳುವ ಮನೆಯವರ ಹೆಸರು ಹೇಳದಿದ್ದರೆ ತಯ್ಯಿಬಾ ಒಳಗೇ ಉಳಿಯುತ್ತಾಳೆ. ಅವಳನ್ನು ನಮ್ಮ ಮನೆಗೆ ಕರೆಯೋಣವೇ ಎಂದು ನಿನ್ನೆ ನಮ್ಮ ಯಜಮಾನರನ್ನು ಕೇಳಿದೆ. ಹಿಂದೆ ಕೂತಿದ್ದಾರೆ, ಅವರನ್ನೇ ವಿಚಾರಿಸಿ. “ಅಡುಗೆಮನೆ ಕತೆ ಏನೇ?” ಎಂದರು. “ಅಡುಗೆಮನೆ ನಂದು, ನಾನ್ ನೋಡ್ಕೋತೀನಿ” ಎಂದೆ. ನನ್ನ ಮಡಿ ನನ್ನ ಮೈಗೆ. ಅದಕ್ಕಾಗಿ ಇನ್ನೊಬ್ಬಳಿಗೆ ಬೀಗ ಹಾಕು ಎಂದು ನಾನು ಪೂಜಿಸುವ ದೇವರು ಹೇಳಿಲ್ಲ.

ಆದರೆ ಅವಳು ಬರುತ್ತಾಳೋ ಇಲ್ಲವೋ, ನನಗೆ ಗೊತ್ತಿಲ್ಲ. ಚಪ್ಪಲಿ ಹುಡುಕಿಸಿದವಳ ಮನೆಗೆ ಬರಬೇಕೆಂದೇನಿದೆ? ಅಕ್ಕಿ ಕಟ್ಟುವಾಗ ನಾವು ಅವಳನ್ನು ಕೇಳಿರಲಿಲ್ಲ. ಈಗಲಾದರೂ ಕೇಳಬೇಕು.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅವರು ಈ ಹಾಲಿನಲ್ಲಿ ನಮ್ಮನ್ನು ಕೇಳಿದಾಗಲೂ ಸುಮ್ಮನಿದ್ದೆವು. ಇವತ್ತು ಅವರಿಗಾಗಿ ಸುಮ್ಮನಿರೋಣ.

ಲಾವಣ್ಯಾ, ನೀನು ನಿಲ್ಲಬೇಡಮ್ಮ. ಇವತ್ತು ಭೇಟಿಯ ದಿನ, ಐದರವರೆಗೆ ಒಳಗೆ ಬಿಡುತ್ತಾರೆ. ಶೈಲಜಾ ಮನೆಗೆ ಕರೆಯುತ್ತಿದ್ದಾಳೆ, ಬರುತ್ತೀಯಾ ಎಂದು ತಯ್ಯಿಬಾಳನ್ನು ಕೇಳು. ಹೂಂ ಅಂದರೂ ಸರಿ, ಊಹೂಂ ಅಂದರೂ ಸರಿ — ಅವಳ ಉತ್ತರ ತಂದುಕೊಡು.