ತಂಬೂರಿಯೊಳಗಿನ ಹೆಸರು

ಮಾನ್ಯ ಅಧ್ಯಕ್ಷರಾದ ಬಸವಂತರಾಯರೇ, ಅಫಜಲಪುರದಿಂದ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ಆಳಂದ ಭಜನಾ ಮಂಡಳಿಯ ಹಿರಿಯರೇ, ಕುರ್ಚಿ ಸಾಲದೆ ಹಿಂದೆ ಕಂಬಕ್ಕೆ ಒರಗಿ ನಿಂತಿರುವ ಸಭಿಕರೇ,

ಈ ಶಾಲನ್ನು ನಾನು ಮತ್ತೆ ಮತ್ತೆ ಸರಿಪಡಿಸಿಕೊಳ್ಳುತ್ತಿರುವುದು ಮುಂದಿನ ಸಾಲಿನವರಿಗೆ ಕಾಣಿಸುತ್ತಿರಬಹುದು. ಭಾಷಣ ಮಾಡಿ ರೂಢಿಯಿಲ್ಲ ಎಂದುಕೊಳ್ಳಿ. ತಂತಿ ಬಿಗಿಯುವವನನ್ನು ಮಾತಾಡಲು ನಿಲ್ಲಿಸಿದರೆ ಇನ್ನೇನಾದೀತು?

ಮಾನಪತ್ರವನ್ನು ಈಗ ತಾನೇ ಓದಿದರು. ತಂಬೂರಿ, ಸಿತಾರುಗಳ ರಿಪೇರಿ ಅಂಗಡಿಯನ್ನು ಈ ಊರಿನಲ್ಲಿ ಸ್ಥಾಪಿಸಿದವರು ಶ್ರೀ ಅಂಬಾರಾಯರು ಎಂದು ಮೂರನೆಯ ಸಾಲಿನಲ್ಲಿದೆ. ಆ ಸಾಲಿಗೆ ನೀವು ಚಪ್ಪಾಳೆ ತಟ್ಟಿದಿರಿ. ಆ ಸಾಲಿನ ಬಗ್ಗೆ ಆಮೇಲೆ ಹೇಳುತ್ತೇನೆ.

ನಮ್ಮ ಕೆಲಸ ದೊಡ್ಡದೇನಲ್ಲ. ಬಿರುಕು ಬಿಟ್ಟ ಸೋರೆಬುರುಡೆಗೆ ಪಟ್ಟಿ ಹಾಕುವುದು, ಸವೆದ ಕುದುರೆಯನ್ನು, ಅಂದರೆ ತಂತಿಗಳು ಕೂರುವ ಆ ಪುಟ್ಟ ಪೀಠವನ್ನು, ಅರದಿಂದ ತಿಕ್ಕಿ ದನಿ ಬಿಡಿಸುವುದು. ಒಮ್ಮೆ ಖಜೂರಿಯ ಮಂಡಳಿಯವರು ತಂಬೂರಿ ತಂದು, ದನಿ ದಪ್ಪವಾಗಿದೆ ಎಂದರು. ಬಿಚ್ಚಿ ನೋಡಿದರೆ ಒಳಗೆ ಬೆಲ್ಲ. ಹಬ್ಬಕ್ಕೆಂದು ಯಾರೋ ಬುರುಡೆಯ ಬಿರುಕಿನಿಂದ ತೂರಿಸಿ ಮನೆಯ ಮಕ್ಕಳಿಗೆ ಸಿಗದಂತೆ ಬಚ್ಚಿಟ್ಟಿದ್ದರು. ಇರುವೆಗಳು ಸೇರಿಕೊಂಡು ತಮ್ಮದೇ ಭಜನೆ ನಡೆಸಿದ್ದವು. ನೀವು ನಗುತ್ತೀರಿ. ನನ್ನ ಉಸ್ತಾದರೂ ಅಂದು ಕೆಮ್ಮು ಬರುವಷ್ಟು ನಕ್ಕಿದ್ದರು.

ಉಸ್ತಾದರ ಹೆಸರು ಖಾದರಸಾಬ. ನೋಡಿ, ಹೇಳಿಬಿಟ್ಟೆ.

ಹದಿನಾರು ವರ್ಷ ಅವರ ಎದುರಿಗೆ ಕೂತು ಕಲಿತೆ. ಗುಡಿಯ ತಂಬೂರಿ ನೇರವಾಗಿ ನಮ್ಮಂಥವರ ಕೈಗೆ ಬರುವ ಕಾಲ ಅದಲ್ಲ. ಅವರ ಕೈಗೆ ಬಂದು, ಅಲ್ಲಿಂದ ನನ್ನ ಕೈಗೆ ಬರುತ್ತಿತ್ತು. “ಲೇ ಅಂಬ್ಯಾ, ಕೈಲೆ ತಿಕ್ಕಬ್ಯಾಡೋ, ಕಿವಿಲೆ ತಿಕ್ಕು,” ಎನ್ನುತ್ತಿದ್ದರು. ಅವರಲ್ಲಿ ಒಂದು ಪದ್ಧತಿಯಿತ್ತು. ವಾದ್ಯ ಬಿಚ್ಚಿ ರಿಪೇರಿ ಮಾಡಿದರೆ, ಮೇಲಿನ ಹಲಗೆಯನ್ನು ಮತ್ತೆ ಅಂಟಿಸುವ ಮೊದಲು, ಬುರುಡೆಯ ಒಳಗೋಡೆಗೆ ಮಸಿಯಿಂದ ಹೆಸರು ಬರೆಯುವುದು. ನುಡಿಸುವವರಿಗೆ ಅದು ಕಾಣುವುದಿಲ್ಲ. ಮುಂದೆ ಎಂದೋ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುತ್ತದೆ. ಯಾಕೆ ಚಾಚಾ ಎಂದು ಕೇಳಿದ್ದೆ. “ತಪ್ಪು ಮಾಡಿದ್ರ ಯಾರಿಗೆ ಬೈಬೇಕಂತ ಅವಗ ಗೊತ್ತಾಗಬೇಕಲ್ಲಪಾ,” ಎಂದರು.

ನನ್ನ ಹೆಸರು ಬರೆಯಲು ಬಿಟ್ಟದ್ದು ಒಂದೇ ಒಂದು ವಾದ್ಯದಲ್ಲಿ. ಜೇವರ್ಗಿಯ ಮಾಸ್ತರರೊಬ್ಬರ ಸಿತಾರು. ಅದನ್ನು ಬಿಚ್ಚಿ ಬಿರುಕು ಮುಚ್ಚಿ, ಮರದ ಕುದುರೆ ತೆಗೆದು ಜಿಂಕೆ ಕೊಂಬಿನದು ಕೂರಿಸಿದ್ದೆ.

ಹೋದ ವರ್ಷ ಬೇಸಿಗೆಗೆ ಮೊದಲು ನಿಜಾಮರ ಕಡೆಯ, ಬಂದೂಕು ಹಿಡಿದ ಕೆಲವರು ಅಂಗಡಿಗೆ ಬಂದು ನನ್ನನ್ನು ಕೇಳಿದ್ದರು. ಉಸ್ತಾದರು ಬಾಗಿಲಿಗೆ ಅಡ್ಡ ನಿಂತರು. “ಅಂವ ನನ್ನ ಮಗ ಇದ್ದಾಂಗ್ರಿ. ಮೊದ್ಲು ನನ್ನ ದಾಟ್ರಿ.” ಅವರು ದಾಟಲಿಲ್ಲ. ನಾನು ಒಳಗೆ ಬುರುಡೆಗಳ ರಾಶಿಯ ಹಿಂದೆ ಕೂತಿದ್ದೆ.

ಸೆಪ್ಟೆಂಬರ್‌ನಲ್ಲಿ ನಿಜಾಮರ ಆಡಳಿತ ಮುಗಿದು ವಾರವಾಗಿತ್ತು. ಈಗ ಬೇರೆ ಜನ ಸೇಡಿಗೆಂದು ಬಂದರು. ಬುರುಡೆಗಳ ಹಿಂದೆ ಈಗ ಉಸ್ತಾದರು ಕೂತಿದ್ದರು. ಬಾಗಿಲಲ್ಲಿ ನಾನು.

“ಖಾದರಸಾಬನ ಅಂಗಡಿ ಇದೇ ಏನಲೇ?”

“ಅಲ್ರಿ. ನಂದ್ರಿ.”

“ನಿಂದು ಅನ್ನಾಕ ಏನು ಗುರುತು?”

ಹೆದರಿದವನ ಬಾಯಿಗೆ ಮೊದಲು ಬರುವುದು ತನ್ನ ಕಸುಬು. ವಾದ್ಯದ ಒಳಗೆ ರಿಪೇರಿ ಮಾಡಿದವನ ಹೆಸರು ಇರುತ್ತದೆ ಎಂದುಬಿಟ್ಟೆ. ಅಂದಮೇಲೆ ನೆನಪಾಯಿತು: ಗೋಡೆಗೆ ತೂಗುಹಾಕಿದ್ದ ಹನ್ನೆರಡರಲ್ಲಿ ಹನ್ನೊಂದರೊಳಗೆ ಉಸ್ತಾದರ ಹೆಸರು.

“ಬಿಚ್ಚು ಮತ್ತ. ನೋಡೂಣು.”

ಮಾಸ್ತರರ ಸಿತಾರನ್ನು ಇಳಿಸಿಕೊಂಡೆ. ಹಲಗೆಯ ಅಂಟು ಬಿಡಬೇಕಾದರೆ ಬಿಸಿನೀರಿನ ಬಟ್ಟೆ ಇಟ್ಟು ಅರ್ಧ ತಾಸು ಕಾಯಬೇಕು. ಅವರು ಕಟ್ಟೆಯ ಮೇಲೆ ಕೂತರು. ಚಹಾ ಕೇಳಿದರು, ಮಾಡಿಕೊಟ್ಟೆ. ಒಬ್ಬ ಎದ್ದು ತಂಬೂರಿಯ ತಂತಿ ಮೀಟಿ, “ಎಷ್ಟ ಚಂದ ಅಂತೈತಲೇ ಇದು,” ಎಂದ. ನಾನು ನೀರಿನ ಸದ್ದು ಬೇಕೆಂದೇ ಹೆಚ್ಚು ಮಾಡುತ್ತಿದ್ದೆ. ಮರದ ಪುಡಿ ಕುಡಿದು ಕುಡಿದು ಉಸ್ತಾದರಿಗೆ ಕೆಮ್ಮು ಅಂಟಿಕೊಂಡಿತ್ತು. ಆ ಅರ್ಧ ತಾಸು ಒಬ್ಬ ಮುದುಕ ಕೆಮ್ಮನ್ನು ಹೇಗೆ ನುಂಗಿದ? ನನಗೆ ಈಗಲೂ ತಿಳಿದಿಲ್ಲ.

ಹಲಗೆ ಎದ್ದಿತು. ಅವರಲ್ಲೊಬ್ಬರು ಬಗ್ಗಿ ನೋಡಿ ಓದಿದರು: ಅಂಬಾರಾಯ. “ಅಕ್ಷರ ದುಂಡಗದಾವ,” ಎಂದರು. ಹೋದರು. ಹಾಗೆ ಓದಿದವರು ಇಂದು ಈ ಸಭೆಯಲ್ಲಿದ್ದಾರೆ. ಯಾರೆಂದು ನಾನು ಹೇಳುವುದಿಲ್ಲ. ಹೇಳುವಷ್ಟು ಧೈರ್ಯ ನನಗಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಬ್ಬರ ಪ್ರಾಣ ಉಳಿಸಿದವನಾಗುತ್ತೇನೆ. ಆದರೆ ಅವರು ಮತ್ತೆ ಬಂದರೆ? ಬೇರೊಂದನ್ನು ಬಿಚ್ಚು ಎಂದರೆ? ಮೂರು ದಿನ ಬಾಗಿಲು ಹಾಕಿಕೊಂಡು ಹನ್ನೊಂದು ವಾದ್ಯಗಳನ್ನೂ ಬಿಚ್ಚಿದೆ. ಚಾಕುವಿನಿಂದ ಉಸ್ತಾದರ ಹೆಸರನ್ನು ಹೆರೆದೆ. ಆ ಜಾಗದಲ್ಲಿ ನನ್ನ ಹೆಸರು ಬರೆದೆ. ಉಸ್ತಾದರು ಬುರುಡೆಗಳ ಹಿಂದೆಯೇ ಇದ್ದರು. ಹೆರೆಯುವ ಸದ್ದಿನಿಂದಲೇ ಅದು ಯಾವ ಬುರುಡೆ ಎಂದು ಗುರುತಿಸಬಲ್ಲ ಕಿವಿ ಅದು. ನಾಲ್ಕನೆಯ ಮುಂಜಾನೆ ಹೆಗಲಿಗೆ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಅಂಬ್ಯಾ, ಹಲಗಿ ಕೂಡಸೂವಾಗ ಅವಸರ ಮಾಡೀದಿ. ದನಿ ಕಟ್ಯಾದ,” ಎಂದರು. ಗಡಿಯ ಊರು ಹಿರೋಳ್ಳಿಯ ಹಾದಿ ಹಿಡಿದರು. ಗಡಿ ದಾಟಿದರೆಂದು ಒಬ್ಬರು ಹೇಳಿದರು. ದಾಟಲಿಲ್ಲ ಎಂದು ಇನ್ನೊಬ್ಬರು ಹೇಳಿದರು. ವರ್ಷವಾಯಿತು.

ಉಸ್ತಾದರು ಹೇಳಿದ್ದು ನಿಜ. ಆ ಹನ್ನೊಂದು ವಾದ್ಯಗಳ ದನಿ ಕಟ್ಟಿದೆ. ಯಾರೂ ದೂರಿಲ್ಲ. ಯಾರಿಗೂ ತಿಳಿದಿಲ್ಲ. ಎಲ್ಲರೂ ಹೊಗಳಿ ಒಯ್ದರು, ಇಂದು ಶಾಲು ಹೊದಿಸಿದಿರಿ.

ಆದರೆ ಈ ಸಭೆಯ ಆರಂಭದಲ್ಲಿ ಪ್ರಾರ್ಥನೆಗೆ ಮೀಟಿದ ತಂಬೂರಿ, ಅಗೋ, ಆ ಮೂಲೆಯಲ್ಲಿ ಒರಗಿಸಿದ್ದೀರಲ್ಲ, ಆ ದಿನಗಳಲ್ಲಿ ಸೊನ್ನ ಊರಿಗೆ ಭಜನೆಗೆ ಹೋಗಿತ್ತು. ನನ್ನ ಚಾಕು ಅದಕ್ಕೆ ತಗುಲಲಿಲ್ಲ. ಅದರ ದನಿಗೆ ಇಡೀ ಸಭೆ ಗಪ್ಪಾದದ್ದನ್ನು ನಾನು ಇಲ್ಲಿ ಕೂತು ನೋಡಿದೆ. ಬರುವ ವಾರ ಅದರ ಬಿರುಕು ಮುಚ್ಚಲು ನನಗೇ ಕೊಡುವುದೆಂದು ಮಂಡಳಿ ಠರಾಯಿಸಿದೆ. ಬಿಚ್ಚುತ್ತೇನೆ. ಅಂಗಡಿಯ ಕದ ತೆರೆದಿಟ್ಟೇ ಬಿಚ್ಚುತ್ತೇನೆ. ಒಳಗಿನ ಹೆಸರನ್ನು ನೋಡಬೇಕೆನ್ನುವವರು ಬರಬಹುದು. ಅಂದು ಬಂದವರೂ ಬರಬಹುದು. ಅರ್ಧ ತಾಸು ಕಾಯಬೇಕಾಗುತ್ತದೆ, ಚಹಾ ಮಾಡಿಕೊಡುತ್ತೇನೆ. ಈ ಸಲ ನೀರಿನ ಸದ್ದು ಮಾಡುವುದಿಲ್ಲ. ನನ್ನ ಹೆಸರನ್ನು ಉಸ್ತಾದರ ಹೆಸರಿನ ಕೆಳಗೆ ಬರೆಯುತ್ತೇನೆ.

ಅಧ್ಯಕ್ಷರಲ್ಲಿ ಒಂದು ವಿನಂತಿ. ಮಾನಪತ್ರದ ಆ ಮೂರನೆಯ ಸಾಲನ್ನು ತಿದ್ದಿಸಿಕೊಡಿ. ಸ್ಥಾಪಕರು ಖಾದರಸಾಬ. ತಿದ್ದುವವರೆಗೆ ಅದು ಈ ಮೇಜಿನ ಮೇಲೆಯೇ ಇರಲಿ, ನಾನು ಒಯ್ಯುವುದಿಲ್ಲ.

ಹೊರಗೆ ಹೋಗುವ ಬಾಗಿಲು ಒಂದೇ ಇದೆ, ಅದಕ್ಕೆ ಹಾದಿ ನಿಮ್ಮೆಲ್ಲರ ನಡುವಿನಿಂದಲೇ ಇದೆ. ನನಗೆ ಹೆದರಿಕೆಯಾಗುತ್ತಿದೆ. ಆದರೂ ಇಷ್ಟು ಹೊತ್ತು ಕೇಳಿದ್ದಕ್ಕೆ ಕೃತಜ್ಞ. ಎಲ್ಲರಿಗೂ, ಇಲ್ಲಿಲ್ಲದ ಒಬ್ಬರಿಗೂ, ನಮಸ್ಕಾರ.